ಮೊಟ್ಟೆ ತಿನ್ನದ ಮನೆಯ ಕೋಳಿಗಳು

ಈಗ ಆಗಾಗ ಯಾರಾದರೂ ಹುಡುಗ ಹುಡುಗಿಯರು ನನ್ನನ್ನು ಹುಡುಕಿಕೊಂಡು ಮಾಕಳಿಗೆ ಬರುತ್ತಾರೆ. ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಫೋನು, ಫೋನಿನೊಳಗೆ ಚಾಕೊಲೇಟ್ ಬಣ್ಣದ ಮೊಟ್ಟೆಯ ಚಿತ್ರ. "ಆಂಟಿ, ಈ ಮಾರಾನ್ ಕೋಳಿ ನೀವು ಸಾಕಿದ್ರಂತೆ. ಟೆರೇಸ್ ಮೇಲೆ ಆಗುತ್ತಾ?" ಎಂದು ಕೇಳುತ್ತಾರೆ. ಆಗುತ್ತದೆ ಎನ್ನುತ್ತೇನೆ. ಹುಂಜ ಕೂಗಿದ ಮೇಲೆ ಕೆಳಗಿನ ಮನೆಯವರ ಜೊತೆ ಮಾತು ಬಿಡುವುದಕ್ಕೆ ತಯಾರಿದ್ದರೆ ಎಲ್ಲವೂ ಆಗುತ್ತದೆ. ಆಮೇಲೆ ಅವರು ತಳಿ, ಶುದ್ಧತೆ, ಬಣ್ಣದ ದರ್ಜೆ ಎಂದೆಲ್ಲ ಶುರು ಮಾಡುತ್ತಾರೆ. ಅವರಿಗೆ ನನಗಿಂತ ಹೆಚ್ಚು ಗೊತ್ತಿರುತ್ತದೆ. ಕೋಳಿಯನ್ನು ಕೈಯಲ್ಲಿ ಹಿಡಿದಿರುವುದಿಲ್ಲ, ಅಷ್ಟೇ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಸರ್ಕಾರದ ಕೇಂದ್ರವೊಂದರಲ್ಲಿ ಕೋಳಿ ಸಾಕಣೆಯ ತರಬೇತಿ ಪಡೆದು, ಮೊದಲು ಸಿಂಗಸಂದ್ರದ ಕಡೆ ಒಂದು ದೊಡ್ಡ ಫಾರಂನಲ್ಲಿ ದುಡಿದವಳು. ಅಲ್ಲಿ ಕಣ್ಣು ಹಾಯಿಸಿದಷ್ಟೂ ಬಿಳಿ ಕೋಳಿ. ಒಂದು ಸತ್ತರೆ ಇನ್ನೊಂದು. ಯಾವುದರ ಮುಖವೂ ನೆನಪಿರುತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಊರಿನ ಹತ್ತಿರವೇ ಕೆಲಸ ಸಿಕ್ಕಿತೆಂದು ಬಿಟ್ಟು ಬಂದೆ. ಕೆಲಸ ಕೊಟ್ಟವರು ಸಾಹುಕಾರ ಮಲ್ಲಿಕಾರ್ಜುನಪ್ಪನವರು. ಹಾವೇರಿ ಕಡೆಯವರು, ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆ, ಮಾಕಳಿಯಲ್ಲಿ ದೊಡ್ಡ ಹಿತ್ತಲಿನ ಮನೆ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆತನ. ಮೊಟ್ಟೆಯ ಹೆಸರೆತ್ತಿದರೂ ಅವರ ತಾಯಿ, ನಮಗೆಲ್ಲ ಅವ್ವ, ಮುಖ ತಿರುಗಿಸುತ್ತಿದ್ದರು.

ಅಂಥ ಮನೆಗೆ ಕೋಳಿ ಹೇಗೆ ಬಂತು ಎಂದರೆ, ಸಂಕೋಚದಿಂದ ಬಂತು. ಕಾರ್ಖಾನೆಗೆ ಹೊಸ ಯಂತ್ರ ಕೂರಿಸಲು ಫ್ರಾನ್ಸಿನಿಂದ ಲೂಯಿ ಎಂಬ ಎಂಜಿನಿಯರ್ ಬಂದು ಇವರ ಮನೆಯಲ್ಲೇ ತಿಂಗಳುಗಟ್ಟಲೆ ಇದ್ದರು. ಅವ್ವನ ಕೈಯ ಜೋಳದ ರೊಟ್ಟಿ ತಿಂದು ತಿಂದು ಆ ಮನುಷ್ಯನಿಗೆ ಋಣ ತೀರಿಸಬೇಕು ಅನ್ನಿಸಿತಂತೆ. ಮತ್ತೊಮ್ಮೆ ಬರುವಾಗ ಕಾಗದಪತ್ರವನ್ನೆಲ್ಲ ಮಾಡಿಸಿಕೊಂಡು, ತಾನು ಊರಿನ ಹಿತ್ತಲಲ್ಲಿ ಪ್ರೀತಿಯಿಂದ ಬೆಳೆಸಿದ ಮಾರಾನ್ ಕೋಳಿಗಳ ಮೊಟ್ಟೆಗಳನ್ನು ಉಡುಗೊರೆಯಾಗಿ ತಂದುಕೊಟ್ಟರು. ಅತಿಥಿ ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ, ತಿನ್ನುವಂತಿಲ್ಲ, ಬಿಸಾಡುವಂತೆಯೂ ಇಲ್ಲ. ಮನೆಯೊಳಗೆ ಬರಬಾರದೆಂದು ಅವ್ವ ಹಟ ಹಿಡಿದದ್ದರಿಂದ ಮೊಟ್ಟೆಗಳು ಕಾರಿನ ಡಿಕ್ಕಿಯಲ್ಲೇ ಉಳಿದವು. ಕೊನೆಗೆ ಸಾಹುಕಾರರಿಗೆ ತೋಚಿದ್ದು ಒಂದೇ ದಾರಿ, ಮರಿ ಮಾಡಿಸುವುದು. ನನಗೆ ಹೇಳಿಕಳಿಸಿದರು.

ಸಂದರ್ಶನ ಹಿತ್ತಲಲ್ಲೇ ನಡೆಯಿತು. ಪಕ್ಕದ ಮನೆಯ ನಾಟಿ ಕೋಳಿಯೊಂದನ್ನು ತರಿಸಿ, "ಇದು ಮೊಟ್ಟಿ ಇಡತೈತೋ ಇಲ್ಲೋ, ಹೆಂಗ ಹೇಳ್ತೀರಿ?" ಎಂದು ಕೇಳಿದರು. ನಾನು ಕೋಳಿಯನ್ನು ಕಂಕುಳಿಗೆ ಸೇರಿಸಿ ಬಾಲದ ಕೆಳಗಿನ ಎರಡು ಎಲುಬುಗಳ ನಡುವೆ ಬೆರಳಿಟ್ಟು ಅಳೆದು ತೋರಿಸಿದೆ. ಎರಡು ಮೂರು ಬೆರಳು ಸಲೀಸಾಗಿ ಹಿಡಿಸಿದರೆ ಇಡುತ್ತಿದೆ, ಒಂದೇ ಬೆರಳಿಗೆ ಬಿಗಿಯಾದರೆ ಇಲ್ಲ. "ನೀವೂ ನೋಡಿ ಸಾರ್" ಎಂದೆ. ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದು, "ಬ್ಯಾಡ್ರೀ ಜಯಮ್ಮ, ನಂಬೀನಿ. ನಾಳಿಂದ ಬರ್ರಿ" ಎಂದು ಒಳಗೆ ಹೋಗಿ ಕೈ ತೊಳೆದುಕೊಂಡರು. ಮುಟ್ಟಿದವಳು ನಾನು.

ಮರಿ ಮಾಡಿಸುವ ಪೆಟ್ಟಿಗೆಯೊಂದನ್ನು ಕಾರ್ಖಾನೆಯ ಹುಡುಗರು ಕೂರಿಸಿಕೊಟ್ಟರು. ಆದರೆ ಆ ದಿನಗಳಲ್ಲಿ ತುಮಕೂರು ರಸ್ತೆಯ ಕರೆಂಟನ್ನು ನಂಬಿ ಮೊಟ್ಟೆ ಇಡುವುದು ಹುಚ್ಚುತನ. ಹಾಗಾಗಿ ನಾನು ಊರೊಳಗೆ ಹೋಗಿ ಕಾವಿಗೆ ಕೂತ ನಾಟಿ ಹೇಂಟೆಗಳನ್ನು ವಾರಕ್ಕೆ ತಂದೆ. ವಾರಕ್ಕೆ ಅಂದರೆ ಪಾಲಿಗೆ. ಹೇಂಟೆ ಅವರದು, ಮೊಟ್ಟೆ ನಮ್ಮದು, ಹುಟ್ಟಿದ ಮರಿಯಲ್ಲಿ ಅವರಿಗೂ ಪಾಲು. ನಮ್ಮೂರಲ್ಲಿ ಹಿಂದಿನಿಂದ ನಡೆದುಬಂದ ವ್ಯವಹಾರ. ಮರಿಗಳೇನೋ ಚೆನ್ನಾಗಿ ಹುಟ್ಟಿದವು. ಆದರೆ ಮಾರಾನ್ ಮರಿಗೆ ಕಾಲಿನ ಹೊರಬದಿಯಲ್ಲಿ ಸಣ್ಣ ಪುಕ್ಕ ಬರುತ್ತದೆ, ಅದೇ ಅದರ ಲಕ್ಷಣ. ಮನೆಗೆಲಸದ ರತ್ನಮ್ಮ ತನ್ನ ಪಾಲಿಗೆ ಬಂದ ಮರಿಗಳ ಕಾಲು ನೋಡಿ, ಏನೋ ರೋಗ ಎಂದುಕೊಂಡು, ಅರಿಶಿನ ಬೇವಿನೆಣ್ಣೆ ಹಚ್ಚಿ, ಒಂದೊಂದಾಗಿ ಪುಕ್ಕ ಕಿತ್ತು ಬೋಳಿಸಿಬಿಟ್ಟಿದ್ದಳು. "ವಾಸಿ ಆಯ್ತು ಕಣಕ್ಕೋ, ಇಗೋ ನೋಡು, ಎಂಗೆ ಮಿಂಚ್ತಾವೆ ಕಾಲು!" ಎಂದು ತೋರಿಸಿದಳು.

ಒಂದು ಲಾಭವೂ ಆಯಿತು. ಮಾರಾನ್ ಎಂಬ ಹೆಸರು ಊರಿನವರ ಬಾಯಲ್ಲಿ ಮಾರಮ್ಮನ ಕೋಳಿ ಎಂದಾಯಿತು. ದೇವರಿಗೆ ಬಿಟ್ಟ ಕೋಳಿ ಎಂದುಕೊಂಡು ಒಬ್ಬ ಕಳ್ಳನೂ ನಮ್ಮ ಹಿತ್ತಲಿನ ಕಡೆ ಸುಳಿಯಲಿಲ್ಲ. ನಾನೂ ತಿದ್ದಲು ಹೋಗಲಿಲ್ಲ.

ನನಗೆ ಮೇಲಧಿಕಾರಿ ಎಂದರೆ ಡಾಕ್ಟರ್ ಶ್ರೀಕಂಠಯ್ಯ. ನಿವೃತ್ತ ಪಶುವೈದ್ಯರು, ಸಾಹುಕಾರರ ಸ್ನೇಹಿತರು, ಜಾಲಹಳ್ಳಿಯಲ್ಲಿ ಮನೆ. ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು ಕೋಳಿ ನೋಡಲು ಬರುತ್ತಿದ್ದರು. ಕೋಳಿಗೆ ಬಿಳಿ ಪ್ಯಾಂಟು ಕಂಡರೆ ಏನನ್ನಿಸುತ್ತದೋ ಅದು ಪ್ರತಿ ಭಾನುವಾರವೂ ಆಗುತ್ತಿತ್ತು. ಒಳ್ಳೆಯ ಮನುಷ್ಯ, ರೋಗ ಗುರುತಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ತಳಿ ಆರಿಸುವಾಗ ಮಾತ್ರ ಅವರಿಗೆ ಚೆಲುವು ಕಂಡರೆ ಸಾಕು, ಮಿಕ್ಕದ್ದೆಲ್ಲ ಮರೆತುಹೋಗುತ್ತಿತ್ತು.

ಎರಡು ಹುಂಜಗಳಿದ್ದವು. ಒಂದಕ್ಕೆ ಕುತ್ತಿಗೆಯ ಗರಿ ಈಗಷ್ಟೇ ಬೆಳಗಿದ ತಾಮ್ರದ ಚೊಂಬಿನಂತೆ, ಎದೆ ಅಚ್ಚ ಕಪ್ಪು, ಜುಟ್ಟು ನೆಟ್ಟಗೆ. ಇನ್ನೊಂದು ಸೊಟ್ಟ ಜುಟ್ಟಿನದು. ಕುತ್ತಿಗೆಯ ಬಣ್ಣ ಒಣಹುಲ್ಲಿನ ಕಡೆಗೆ ತಿರುಗಿತ್ತು, ನಡಿಗೆಯೂ ಅಷ್ಟಕ್ಕಷ್ಟೆ. ಡಾಕ್ಟರು ಮೊದಲನೆಯದನ್ನು ನೋಡಿ, "ವಾಹ್! ಸೂಪರ್ ಸ್ಪೆಸಿಮನ್ ಕಣ್ರೀ ಇದು. ಆ ಸೊಟ್ಟ ಜುಟ್ಟನ್ನ ಇವತ್ತೇ ಸಾಗಹಾಕಿ" ಎಂದರು.

"ಸಾರ್, ಆ ಸೊಟ್ಟ ಜುಟ್ಟಿನ ತಾಯಿ ಒಳ್ಳೆ ಕಡು ಬಣ್ಣದ ಮೊಟ್ಟೆ ಇಡುತ್ತೆ. ಬಿಡದೆ ಇಡುತ್ತೆ ಕೂಡ" ಎಂದೆ.

"ಜಯಮ್ಮ, ಹುಂಜ ಮೊಟ್ಟೆ ಇಡುತ್ತೇನ್ರೀ?"

ಇಡುವುದಿಲ್ಲ, ಅದೇ ತೊಂದರೆ. ಇದನ್ನು ಹೊಸಬರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಾರಾನ್ ಕೋಳಿಗೆ ಬೆಲೆ ಇರುವುದು ಮೊಟ್ಟೆಯ ಬಣ್ಣಕ್ಕೆ. ಆ ಬಣ್ಣದ ಅರ್ಧ ಹುಂಜನ ಕಡೆಯಿಂದ ಬರುತ್ತದೆ, ಆದರೆ ಅದು ಹುಂಜನ ಮೈಮೇಲೆ ಎಲ್ಲೂ ಕಾಣುವುದಿಲ್ಲ. ಅವನ ತಾಯಿಯನ್ನು ನೋಡಬೇಕು, ಹೆಣ್ಣುಮಕ್ಕಳು ಬೆಳೆದು ಮೊಟ್ಟೆ ಇಡುವ ತನಕ ಕಾಯಬೇಕು. ಅಷ್ಟು ಹೊತ್ತಿಗೆ ಅವನಿಗೆ ವಯಸ್ಸಾಗಿರುತ್ತದೆ, ನಮಗೂ.

ನಮ್ಮ ಈ ವಾದ ಹಿತ್ತಲಿನ ಗೋಡೆಯಾಚೆ ಕೂತ ಅವ್ವನಿಗೆ ಕೇಳಿಸುತ್ತಿತ್ತು. ಆಗ ಮನೆಯಲ್ಲಿ ಸಾಹುಕಾರರ ಮಗಳಿಗೆ ಗಂಡು ಹುಡುಕುತ್ತಿದ್ದರು. ಸಾಹುಕಾರರು ಹುಡುಗರ ಫೋಟೊ ನೋಡಿ ಮೆಚ್ಚುತ್ತಿದ್ದರು, ಅವ್ವ ಫೋಟೊ ಕಡೆ ಕಣ್ಣೂ ಹಾಕದೆ ಮನೆತನ ವಿಚಾರಿಸುತ್ತಿದ್ದರು. ಗೋಡೆಯಾಚೆಯಿಂದ ಅವರ ದನಿ ಬಂತು. "ಡಾಕ್ಟ್ರ, ಗಂಡು ಚಂದ ಐತಿ ಅಂತ ಕೊಟ್ಟು ಕೆಟ್ಟ ಮನಿ ಭಾಳ ನೋಡೀನಿ. ಅವನ ಅವ್ವ ಹ್ಯಾಂಗದಾಳ, ಅದನ್ನ ನೋಡ್ರಿ ಮೊದಲ."

ಡಾಕ್ಟರು ನಕ್ಕುಬಿಟ್ಟರು. ಎರಡು ಹುಂಜಗಳಿಗೂ ಬೇರೆ ಬೇರೆ ಗೂಡು ಕೊಡೋಣ ಎಂದು ರಾಜಿಯಾಯಿತು. ಅವ್ವ ನನ್ನ ಪಕ್ಷ ಎಂದು ನಾನು ಬೀಗಿದೆ. ಮರುದಿನವೇ ಅವರು ನನ್ನನ್ನು ಕರೆದು, ಹುಂಜ ಹೇಂಟೆ ಕೂಡಿಸುವುದಕ್ಕೆ ಮಂಗಳವಾರ ಬೇಡ, ಶುಕ್ರವಾರ ನೋಡು ಎಂದರು. ಮಾಡಿದೆ. ಕೋಳಿಗಳು ಅದಕ್ಕೂ ಮೊದಲೇ ತಮ್ಮ ಮುಹೂರ್ತ ನೋಡಿಕೊಂಡಿದ್ದವು.

ಯಾವ ಮೊಟ್ಟೆ ಯಾರದು ಎಂದು ತಿಳಿಯುವುದಕ್ಕೆ ಕಾರ್ಖಾನೆಯ ಹುಡುಗರು ಎರಡು ಉಪಕಾರ ಮಾಡಿದರು. ಅಲ್ಯೂಮಿನಿಯಂ ಕೊಳವೆಯನ್ನು ಲೇತಿನಲ್ಲಿ ತೆಳುವಾಗಿ ಕತ್ತರಿಸಿ, ನಂಬರು ಹೊಡೆದು ಕಾಲಿಗೆ ಬಳೆ ಮಾಡಿಕೊಟ್ಟರು. ತಗಡು ಬಗ್ಗಿಸಿ, ಹೇಂಟೆ ಒಳಗೆ ಹೊಕ್ಕೊಡನೆ ಬಾಗಿಲು ತಾನಾಗಿ ಬೀಳುವ ಗೂಡು ಮಾಡಿಕೊಟ್ಟರು. ನಾನು ಬಂದು ಬಾಗಿಲು ಎತ್ತುವ ತನಕ ಹೇಂಟೆಯೂ ಅದರ ಮೊಟ್ಟೆಯೂ ಒಳಗೇ ಇರಬೇಕು. ಬಣ್ಣ ಹೋಲಿಸುವುದಕ್ಕೆ ಪೇಂಟಿನ ಅಂಗಡಿಯಿಂದ ಮರದ ಪಾಲಿಶಿನ ಶೇಡ್ ಕಾರ್ಡು ತಂದಿಟ್ಟುಕೊಂಡೆ. ಅದಕ್ಕೂ ಮೊದಲು ಕಣ್ಣಂದಾಜಿನಲ್ಲಿ ಆರಿಸುತ್ತಿದ್ದೆವು. ಕಣ್ಣು ಬೆಳಗ್ಗೆ ಒಂದು ಹೇಳುತ್ತದೆ, ಸಂಜೆ ಇನ್ನೊಂದು.

ಆ ಗೂಡುಗಳು ಬಂದ ಮೇಲೆ ಗೊತ್ತಾದ ಮುಖ್ಯ ಸಂಗತಿಯೆಂದರೆ, ಎಲ್ಲಕ್ಕಿಂತ ಕಡು ಬಣ್ಣದ ಮೊಟ್ಟೆ ಬಹಳ ಸಲ ಎಲ್ಲರಿಗಿಂತ ಸೋಮಾರಿ ಹೇಂಟೆಯದು. ನಮ್ಮಲ್ಲಿ ರಾಣಿ ಎಂಬುವಳೊಬ್ಬಳಿದ್ದಳು. ಸುಟ್ಟ ಕಾಫಿಬೀಜದ ಬಣ್ಣದ ಮೊಟ್ಟೆ. ಆದರೆ ಮನಸ್ಸು ಬಂದಾಗ ಮಾತ್ರ. ಇಟ್ಟ ದಿನ ಇಡೀ ಮಾಕಳಿಗೆ ಕೇಳುವಂತೆ ಸಾರುತ್ತಿದ್ದಳು. ದಿನ ಬಿಟ್ಟು ದಿನ ತಪ್ಪದೆ ಇಡುವ ಹೇಂಟೆಯ ಬಣ್ಣ ಹಂಗಾಮು ಮುಂದುವರಿದಂತೆ ತಿಳಿಯಾಗುತ್ತ ಹೋಗುತ್ತದೆ. ಬಣ್ಣ ಹಚ್ಚುವ ಡಬ್ಬಿ ಒಂದೇ, ಗೋಡೆ ಹೆಚ್ಚಾದರೆ ಏನು ಮಾಡೀತು? ಆದ್ದರಿಂದ ಮೊದಲ ಮೊಟ್ಟೆ ನೋಡಿ ಯಾರೂ ಕುಣಿಯಬೇಡಿ. ಹಂಗಾಮಿನ ಕೊನೆಯಲ್ಲೂ ಯಾರ ಬಣ್ಣ ಉಳಿದಿದೆಯೋ ಅವಳ ಮಗನನ್ನು ಇಟ್ಟುಕೊಳ್ಳಿ. ಸೊಟ್ಟ ಜುಟ್ಟಿನವನು ಅಂಥವಳ ಮಗ. ಅವನ ಹೆಣ್ಣುಮಕ್ಕಳು ಮೊಟ್ಟೆ ಇಡತೊಡಗಿದಾಗ ಶೇಡ್ ಕಾರ್ಡಿನ ಕಡೆಯ ಪಟ್ಟಿಗೆ ಸರಿಹೊಂದುವ ಬಣ್ಣ ಬಂತು. ಚೆಲುವನ ಹೆಣ್ಣುಮಕ್ಕಳದು ಹಾಲು ಜಾಸ್ತಿಯಾದ ಟೀ. ಡಾಕ್ಟರು ನೋಡಿ, "ಫೀಡ್ ಸರಿ ಇಲ್ಲ ಅನ್ಸುತ್ತೆ" ಎಂದರು. ಎರಡೂ ಗೂಡಿಗೆ ಒಂದೇ ಮೂಟೆಯಿಂದ ಹಾಕುತ್ತಿದ್ದೆ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದರೂ ನನ್ನ ಕೋಳಿಗಳಿಗೆ ಒಂದು ಗಂಡಾಂತರವಿತ್ತು. ಆ ಹಿತ್ತಲನ್ನು ಸಾಹುಕಾರರು ಮನೆ ಕಟ್ಟುವಾಗಲೇ ಅವ್ವನಿಗೆ ಹೂದೋಟಕ್ಕೆಂದು ಹೇಳಿದ್ದರು. ಪೂಜೆಗೆ ಮನೆಯದೇ ಪತ್ರೆ, ಮನೆಯದೇ ಕಣಗಿಲೆ, ಸೇವಂತಿಗೆ ಇರಬೇಕೆಂದು ಅವ್ವನ ಆಸೆ. ನನ್ನ ಕೋಳಿಗಳು ಆ ನೆಲದಲ್ಲಿ ಒಂದು ಗರಿಕೆಯನ್ನೂ ಉಳಿಸಿರಲಿಲ್ಲ. ಅವ್ವ ದಿನಾ ಮಾರ್ಕೆಟ್ಟಿನ ಬಾಡಿದ ಹೂವನ್ನು ಬೈಯುತ್ತ ಲಿಂಗಕ್ಕೆ ಏರಿಸುತ್ತಿದ್ದರು. ಕೊನೆಗೆ ಸಾಹುಕಾರರು ಒಂದು ತೀರ್ಮಾನ ಹೇಳಿದರು. "ಲೂಯಿ ಇನ್ನೊಂದು ಮಷಿನ್ ಕೂಡಿಸಾಕ ಬರ್ತಾರ. ಅವರು ನೋಡಿ ತಳಿ ಚಲೋ ಉಳದೈತಿ ಅಂದ್ರ ಕೋಳಿ ಇರಲಿ. ಕೆಟ್ಟೈತಿ ಅಂದ್ರ ಯಾರಿಗರೆ ಕೊಟ್ಟುಬಿಡೋಣು, ಹಿತ್ತಲ ಅವ್ವಂದು." ಯಾರಿಗಾದರೂ ಕೊಡುವುದೆಂದರೆ ನಮ್ಮೂರಲ್ಲಿ ಒಂದೇ ಅರ್ಥ, ಆ ಭಾನುವಾರದ ಸಾರು. ಒಂದೊಂದನ್ನೂ ಅಂಗೈಯಲ್ಲಿ ಬೆಳೆಸಿದ್ದೆ.

ಲೂಯಿ ಬರುವ ಹಿಂದಿನ ದಿನ ಸೊಟ್ಟ ಜುಟ್ಟಿನವನ ಹೆಣ್ಣುಮಕ್ಕಳು ಇಟ್ಟ ಹೊಸ ಮೊಟ್ಟೆಗಳನ್ನು ಆರಿಸಿ ಬುಟ್ಟಿಗೆ ತುಂಬಿ ರತ್ನಮ್ಮನ ಕೈಗೆ ಕೊಟ್ಟೆ. ಅತಿಥಿಯನ್ನು ಮುಂದಿನ ಜಗಲಿಯಲ್ಲಿ ಕೂರಿಸಿ ಅಲ್ಲೇ ತೋರಿಸುವುದೆಂದು ಸಾಹುಕಾರರ ಅಪ್ಪಣೆ. ಜಗಲಿಯ ತನಕ ಮೊಟ್ಟೆ ಬರುವುದಕ್ಕೆ ಅವ್ವ ಹೇಗೋ ಒಪ್ಪಿದ್ದರು.

ಮರುದಿನ ಬೆಳಿಗ್ಗೆ ಎಲ್ಲರೂ ಸೇರಿದೆವು. ಲೂಯಿ ಕೈಮುಗಿದು "ಜಯಮ್ಮಾ, ಚೆನ್ನಾಗಿದೀರಾ?" ಎಂದು ಕಲಿತ ಕನ್ನಡವನ್ನು ಖರ್ಚು ಮಾಡಿದರು. ಡಾಕ್ಟರು ಬಿಳಿ ಪ್ಯಾಂಟಿನಲ್ಲಿ ಹಾಜರಿದ್ದರು. ರತ್ನಮ್ಮ ಹಿತ್ತಾಳೆ ತಟ್ಟೆಯಲ್ಲಿ ಮೊಟ್ಟೆ ತಂದಿಟ್ಟಳು. ತಟ್ಟೆ ಫಳಫಳ ಹೊಳೆಯುತ್ತಿತ್ತು. ಮೊಟ್ಟೆಗಳೂ ಹೊಳೆಯುತ್ತಿದ್ದವು. ಆದರೆ ಬಣ್ಣ? ಕೆಲವು ತೆಳು ಗೋಧಿ ಬಣ್ಣ, ಕೆಲವಕ್ಕೆ ತೊನ್ನು ಹತ್ತಿದ ಹಾಗೆ ಮಚ್ಚೆ. ನಾನು ಕೊಟ್ಟ ಮೊಟ್ಟೆ ಇವಲ್ಲ ಎನ್ನಿಸಿತು. ಲೂಯಿ ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು.

"ನಾನು ಹೇಳಿರ್ಲಿಲ್ವಾ?" ಎಂದರು ಡಾಕ್ಟರು. "ಮೊದಮೊದಲು ಬಣ್ಣ ಬಂತು, ಅಷ್ಟೇ. ಆ ಸೊಟ್ಟ ಜುಟ್ಟಿಂದ ಲೈನೇ ಹಾಳಾಯ್ತು."

ಸಾಹುಕಾರರು ನನ್ನ ಕಡೆ ತಿರುಗಿ, "ಏನ್ರೀ ಜಯಮ್ಮ ಇದು?" ಎಂದರು. ಬೈಗುಳವಿರಲಿಲ್ಲ, ಬೇಸರವಿತ್ತು, ಅದು ಇನ್ನೂ ಕಷ್ಟ.

"ಇವು ನಮ್ಮವಲ್ಲ ಸಾರ್. ಯಾರೋ ಬದಲಾಯಿಸವ್ರೆ" ಎಂದೆ. ರತ್ನಮ್ಮನ ಕಡೆ ನೋಡಿದೆ. ಅವಳು ಹಾಕಿಕೊಂಡ ಸೆರಗನ್ನೇ ಮತ್ತೆ ಮತ್ತೆ ಹಾಕಿಕೊಳ್ಳುತ್ತಿದ್ದಳು. ಸಾಹುಕಾರರು ನಿಟ್ಟುಸಿರು ಬಿಟ್ಟು, "ಹೋಗ್ಲಿ ಬಿಡ್ರಿ. ಮಾತು ಮಾತೇ. ಯಾರಿಗರೆ ಕೊಟ್ಟುಬಿಡ್ರಿ" ಎಂದರು.

ಆಗ ಬಾಗಿಲ ಹಿಂದಿದ್ದ ಅವ್ವ ಹೊಸ್ತಿಲು ದಾಟಿ ಜಗಲಿಗೆ ಬಂದರು. "ಜಯವ್ವನ್ನ ಯಾಕ ಕೇಳ್ತೀಯೋ? ತೊಳಿಸಿದಾಕಿ ನಾನು" ಎಂದರು.

ಆಮೇಲೆ ಎಲ್ಲ ಹೊರಬಂತು. ಹಿತ್ತಲಿನ ಗೂಡಿನಿಂದ ಬಂದದ್ದನ್ನು ಹಾಗೇ ಅತಿಥಿಯ ಮುಂದೆ ಇಡುವುದೇ ಎಂದು ಅವ್ವನಿಗೆ ಅನ್ನಿಸಿದೆ. ತಾವು ಮುಟ್ಟುವಂತಿಲ್ಲ. ತಟ್ಟೆ ಬೆಳಗುವಾಗ ಅದೇ ಹುಣಸೆಹಣ್ಣು ಒಲೆಬೂದಿಯಲ್ಲಿ ಇವನ್ನೂ ತಿಕ್ಕು ಎಂದು ರತ್ನಮ್ಮನಿಗೆ ಹೇಳಿದ್ದಾರೆ. ರತ್ನಮ್ಮನಿಗೆ ಬಾಯಿ ಬಂತು. "ಎಷ್ಟ್ ಕೊಳೆ ಇತ್ತು ಅಂತೀರಾ ಸಾರ್! ಉಜ್ದಂಗೂ ಉಜ್ದಂಗೂ ಕೆಂಪ್‌ನೀರು ಅರೀತಾನೇ ಇತ್ತು. ನಾನೂ ಬಿಡ್ಲಿಲ್ಲ."

ಮಾರಾನ್ ಮೊಟ್ಟೆಯ ಬಣ್ಣ ಚಿಪ್ಪಿನ ಒಳಗಿಂದ ಬಂದದ್ದಲ್ಲ. ಹೇಂಟೆಯ ಹೊಟ್ಟೆಯಿಂದ ಹೊರಬರುವ ಮುನ್ನ ಮೇಲೆ ಬಳಿದ ಲೇಪ. ಹುಳಿ ಹಾಕಿ ತಿಕ್ಕಿದರೆ ಉಳಿಯುವುದಿಲ್ಲ. ಸಾಹುಕಾರರು ಇಂಗ್ಲಿಷಿನಲ್ಲಿ ವಿವರಿಸಿದ ಮೇಲೆ ಲೂಯಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಾಕ್ಟರಿಗೆ ಮಾತ್ರ ನಂಬಿಕೆ ಬರಲಿಲ್ಲ. "ತೊಳೆದ್ರೆ ಹೋಗೋಕೆ ಅದೇನು ಪೇಂಟೇನ್ರೀ? ಕಣ್ಣೆದುರಿಗೆ ಒಂದು ಮೊಟ್ಟೆ ಇಡಲಿ ನೋಡೋಣ" ಎಂದರು. ಸಾಹುಕಾರರೂ ತಲೆಯಾಡಿಸಿದರು.

ಎಲ್ಲರೂ ಹಿತ್ತಲಿಗೆ ಹೋದೆವು. ಸೊಟ್ಟ ಜುಟ್ಟಿನವನ ಮಗಳೊಬ್ಬಳು ಆಗಲೇ ಗೂಡಿನೆದುರು ಹಿಂದೆ ಮುಂದೆ ಓಡಾಡುತ್ತಿದ್ದಳು. ಒಳಗೆ ಹೋದಳು, ಬಾಗಿಲು ಬಿತ್ತು. ಮೂವರು ಗಂಡಸರು ಗೂಡಿನ ಜಾಲರಿಗೆ ಮೂಗು ತಾಗಿಸಿ ನಿಂತರು. ಎಷ್ಟು ಹೊತ್ತಾದರೂ ಅವಳು ಕೂರಲೊಲ್ಲಳು. ನನಗೆ ರೇಗಿತು. "ಸಾರ್, ಇಂಗೆ ನೀವು ಬಗ್ಗಿ ನೋಡ್ತಾ ನಿಂತ್ರೆ ಯಾವ ಹೆಂಗ್ಸು ಹೆರ್ತಾಳೆ? ಎಲ್ಲಾ ಆ ಕಡೆ ತಿರುಕ್ಕೊಳ್ಳಿ" ಎಂದೆ. ಒಬ್ಬ ಕಾರ್ಖಾನೆ ಮಾಲೀಕರು, ಒಬ್ಬ ಪಶುವೈದ್ಯರು, ಒಬ್ಬ ಫ್ರೆಂಚ್ ಎಂಜಿನಿಯರ್, ಮೂವರೂ ತುಟಿಪಿಟಕ್ಕೆನ್ನದೆ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತರು. ನನ್ನ ಇಡೀ ನೌಕರಿಯಲ್ಲಿ ನಾನು ಹೇಳಿದ ಮಾತು ಅಷ್ಟು ಚೆನ್ನಾಗಿ ನಡೆದದ್ದು ಅದೊಂದೇ ಸಲ.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವಳು ಕೂಗಿದಳು. ಬಾಗಿಲು ಎತ್ತಿದೆ. ಮೊಟ್ಟೆ ಇನ್ನೂ ಹಸಿಯಾಗಿತ್ತು. ಹಳೆಯ ಮನೆಗಳ ಬೀಟೆಮರದ ಕಂಬದ ಬಣ್ಣ, ಮೇಲೆ ಅಲ್ಲಲ್ಲಿ ಇನ್ನೂ ಕಪ್ಪನೆಯ ಚುಕ್ಕೆ. ಲೂಯಿ ಅದನ್ನು ಎರಡು ಬೆರಳಿನಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದರು. ತಮ್ಮ ಊರಿನ ಹಿತ್ತಲಲ್ಲೂ ಇಷ್ಟು ಒಳ್ಳೆಯ ಬಣ್ಣ ಈಗ ಉಳಿದಿಲ್ಲ ಎಂದರಂತೆ. ಸಾಹುಕಾರರು ಅದನ್ನು ಕನ್ನಡದಲ್ಲಿ ನನಗೆ ಎರಡು ಸಲ ಹೇಳಿದರು. ಡಾಕ್ಟರು ಸೊಟ್ಟ ಜುಟ್ಟಿನವನ ಗೂಡಿನ ಬಳಿ ಹೋಗಿ, "ಆಯ್ತು ಕಣಪ್ಪ, ನೀನೇ ಗೆದ್ದೆ" ಎಂದರು. ಆ ಮಾತಿಗಾಗಿ ಅವರ ಮೇಲೆ ನನಗೆ ಇವತ್ತಿಗೂ ಗೌರವ.

ಎಲ್ಲರೂ ಊಟಕ್ಕೆ ಒಳಗೆ ಹೋದರು. ನಾನು ಗೂಡಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟೆ. ಕೋಳಿಗಳು ಉಳಿದವು ಎಂಬ ಸಂತೋಷಕ್ಕೆ. ಕಣ್ಣೊರೆಸಿ ಎದ್ದಾಗ ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಆ ಕೆದರಿದ ನೆಲವನ್ನು ನೋಡುತ್ತಿದ್ದರು. ಅಲ್ಲಿಗೆ ಅವರು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಲ್ಲಿ ಕಣಗಿಲೆ, ಎಲ್ಲಿ ಪತ್ರೆ ಗಿಡ ಎಂದು ಮನಸ್ಸಿನಲ್ಲೇ ಎಷ್ಟು ಸಲ ನೆಟ್ಟಿದ್ದರೋ.

ನನಗೆ ತಡೆಯಲಾಗಲಿಲ್ಲ. "ಅವ್ವಾ, ನೀವು ಸುಮ್ಕೆ ಬಾಗಿಲಿಂದೆ ಇದ್ದಿದ್ರೆ ಈ ಜಾಗ ನಿಮ್ದೇ ಆಗ್ತಿತ್ತಲ್ಲ" ಎಂದೆ.

"ಆಗತಿತ್ತು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ಹಂಗ ತಗೊಂಡ ನೆಲದಾಗ ಬೆಳೆದ ಹೂವ ಯಾವ ಕೈಲೆ ಏರಿಸಲವ್ವ ನಾನು?"